ಮಗ ತೊಳೆದ ಪಾತ್ರೆಯನ್ನು ಮತ್ತೆ ತೊಳೆಯಬೇಕೇ?

ತಿಪಟೂರಿನ ಓದುಗರೊಬ್ಬರು ಬರೆದಿದ್ದಾರೆ: ‘ನಾನು ಇವತ್ತಿಗೂ ಬೂದಿ, ತೆಂಗಿನ ನಾರಿನಲ್ಲೇ ಪಾತ್ರೆ ತಿಕ್ಕುತ್ತೇನೆ. ಮೊದಲು ಲೋಟ, ಕೊನೆಗೆ ಬಾಣಲೆ. ಹಾಲಿನ ಪಾತ್ರೆಗೆ ತಣ್ಣೀರೇ ಆಗಬೇಕು. ಮಗ ತೊಳೆದಿಟ್ಟರೆ, ಅವನು ಆಚೆ ಹೋದ ಮೇಲೆ ಇನ್ನೊಂದು ಸಲ ತೊಳೆಯುತ್ತೇನೆ. ಮನೆಯವರು ಇದನ್ನು ರೋಗ ಅನ್ನುತ್ತಾರೆ. ಹೌದೇ?’

ಅಮ್ಮಾ, ನೀವು ಹೇಳಿದ್ದರಲ್ಲಿ ಬಹಳಷ್ಟು ಬರೀ ಹಟ ಅಲ್ಲ. ಲೋಟ ಮೊದಲು ತೊಳೆದರೆ ಬಾಣಲೆಯ ಜಿಡ್ಡು ಅದಕ್ಕೆ ಹತ್ತುವುದಿಲ್ಲ. ಹಾಲಿನ ಪಾತ್ರೆಗೆ ಮೊದಲೇ ಕುದಿನೀರು ಸುರಿದರೆ ಹಾಲಿನ ಪ್ರೋಟೀನ್ ಗಟ್ಟಿಯಾಗಿ ತಳ ಹಿಡಿಯುತ್ತದೆ. ತಣ್ಣೀರಿನಲ್ಲಿ ನೆನೆಸುವುದೇ ಸರಿ. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಶಿಯಂ ಕಾರ್ಬೋನೇಟ್ ಇರುತ್ತದೆ. ನೀರು ತಾಗಿದಾಗ ಅದು ಕ್ಷಾರವಾಗಿ ಜಿಡ್ಡನ್ನು ಬಿಡಿಸುತ್ತದೆ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಉಜ್ಜುತ್ತೀರಲ್ವಾ? ಅದರ ಹುಳಿ ಮೇಲಿನ ಕಪ್ಪನ್ನು ಕರಗಿಸುತ್ತದೆ, ಅದಕ್ಕೇ ಆ ಹೊಳಪು. ನಮ್ಮ ಹಿರಿಯರಿಗೆ ಈ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಆದರೆ ಕೈಗೆ ಗೊತ್ತಿತ್ತು. ನನಗೆ ಅದರ ಬಗ್ಗೆ ತುಂಬಾ ಗೌರವ.

ಆದರೆ ಬೂದಿ ಎಲ್ಲದಕ್ಕೂ ಆಗದು. ನಾನ್‌ಸ್ಟಿಕ್ ತವೆಯ ಲೇಪ ಕಿತ್ತು ಬರುತ್ತದೆ, ಅಲ್ಯೂಮಿನಿಯಂ ಕಪ್ಪಾಗುತ್ತದೆ. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿಯನ್ನಂತೂ ಮುಟ್ಟಲೇಬೇಡಿ. ನಲ್ಲಿ ಬಿಟ್ಟುಕೊಂಡೇ ತಿಕ್ಕುವ ರೂಢಿ ಮನೆಯಲ್ಲಿ ಯಾರಿಗಿದ್ದರೂ ಬಿಡಿಸಿ. ನಿಮಿಷಕ್ಕೆ 6 ಲೀಟರ್ ಬರುವ ನಲ್ಲಿ 10 ನಿಮಿಷ ಹರಿದರೆ 60 ಲೀಟರ್ ಸುಮ್ನೆ ಚರಂಡಿಗೆ. ತಿಕ್ಕುವಾಗ ಮುಚ್ಚಿ, ಗಲಬರಿಸುವಾಗ ಬಿಡಿ.

ಇನ್ನು ರೋಗದ ಮಾತು. ಕೈ ಒಡೆದು ರಕ್ತ ಬಂದರೂ ಸಮಾಧಾನ ಆಗದೆ, ಬಿಡಬೇಕೆಂದರೂ ಬಿಡಲಾಗದೆ ತೊಳೆಯುತ್ತಿದ್ದರೆ ಮನೋವೈದ್ಯರನ್ನು ಕಾಣಬೇಕು. ನಿಮ್ಮ ಕಾಗದದಲ್ಲಿ ಅಂಥದ್ದೇನೂ ಕಾಣಲಿಲ್ಲ.

ನನಗೆ ಸಂಕಟವಾಗಿದ್ದು ಮಗನ ವಿಷಯ. ಗಂಡುಮಕ್ಕಳು ತಾವಾಗಿ ಮುಸುರೆ ಪಾತ್ರೆಗೆ ಕೈ ಹಾಕುವ ಮನೆಗಳು ಇನ್ನೂ ಕಡಿಮೆ. ಅವನು ಹೋದ ಮೇಲೆ ನೀವು ಮತ್ತೆ ತಿಕ್ಕಿದ್ದು ಅವನಿಗೆ ಗೊತ್ತಾದರೆ ನಾಳೆ ಯಾಕೆ ತೊಳೆದಾನು? ಜಿಡ್ಡು ಉಳಿದಿದ್ದರೆ ಅವನಿಗೇ ತೋರಿಸಿ. ಕುಕ್ಕರ್ ಮುಚ್ಚಳದ ರಬ್ಬರ್ ಬಿಚ್ಚಿ ತೊಳೆಯುವುದು, ಸೌಟಿನ ಹಿಡಿಯ ಸಂದು, ಡಬ್ಬಿಯ ಅಂಚು – ಇವನ್ನು ಪಕ್ಕದಲ್ಲಿ ನಿಂತು ಕಲಿಸಿ. ಲೋಟದ ಸರದಿಯನ್ನೂ ಹೇಳಿ, ಕಾರಣದ ಸಮೇತ. ಆಮೇಲೆ ಅವನು ಕವುಚಿಟ್ಟ ಪಾತ್ರೆಯನ್ನು ಹಾಗೇ ಬಿಡಿ. ಅದರಲ್ಲೇ ಅವನಿಗೆ ಊಟ ಬಡಿಸಿ.