ಕೊಡಚಾದ್ರಿ ಸುತ್ತ ಮೂರು ದಿನ: ಬೆಟ್ಟದ ಜೊತೆ ಇತಿಹಾಸವನ್ನೂ ನೋಡಬೇಕು ಅಂದ್ರೆ ಎಲ್ಲೆಲ್ಲಿಗೆ ಹೋಗಬೇಕು?

ನೀವು ಕೇಳಿದ್ದು ಇಷ್ಟು: ನವೆಂಬರ್‌ನಲ್ಲಿ ಅಪ್ಪ, ಅಮ್ಮನ ಜೊತೆ ಕೊಡಚಾದ್ರಿಗೆ ಬರುತ್ತಿದ್ದೀರಿ. ಕೈಯಲ್ಲಿ ಮೂರು ದಿನ ಇದೆ. ಬೆಟ್ಟ, ಜಲಪಾತದ ಜೊತೆ ಹಳೆಯ ಕೋಟೆ, ದೇವಸ್ಥಾನವನ್ನೂ ನೋಡಬೇಕು. ಜೋಗ, ಆಗುಂಬೆ ಎರಡನ್ನೂ ಸೇರಿಸಿಕೊಳ್ಳಬಹುದಾ?

ನಾನು ಹೊಸನಗರ ತಾಲ್ಲೂಕಿನವನು. ಎರಡನ್ನೂ ಬಿಟ್ಟುಬಿಡಿ ಅಂತಲೇ ಹೇಳುತ್ತೇನೆ. ಜೋಗ ಒಂದು ದಿಕ್ಕು, ಆಗುಂಬೆ ಇನ್ನೊಂದು ದಿಕ್ಕು. ಮ್ಯಾಪಿನಲ್ಲಿ ಹತ್ತಿರ ಕಂಡರೂ ಈ ತಿರುವಿನ ರಸ್ತೆಗಳಲ್ಲಿ ಅರ್ಧ ದಿನ ಕಾರಿನಲ್ಲೇ ಕಳೆಯುತ್ತದೆ. ಹಿಂದೆ ಕೂತ ಹಿರಿಯರಿಗೆ ವಾಂತಿ ಬರದಿದ್ದರೆ ಪುಣ್ಯ. ಅದರ ಮೇಲೆ ನವೆಂಬರ್‌ನಲ್ಲಿ ಜೋಗದಲ್ಲಿ ನೀರೂ ಇಳಿದಿರುತ್ತದೆ. ನಗರದಲ್ಲೋ ಹೊಸನಗರದಲ್ಲೋ ಒಂದೇ ಕಡೆ ಉಳಿದುಕೊಂಡು ಸುತ್ತಲಿನ ನಾಲ್ಕೈದು ಜಾಗ ನಿಧಾನಕ್ಕೆ ನೋಡಿ. (ನಗರ ಅಂದ್ರೆ ಸಿಟಿ ಅಲ್ಲ, ಹಳೆಯ ಬಿದನೂರು. ಬಸ್ಸಿನಲ್ಲಿ ಬರುವವರು ಹೊಸನಗರ, ನಗರ ಎರಡೂ ಒಂದೇ ಅಂದುಕೊಂಡು ತಪ್ಪು ಊರಲ್ಲಿ ಇಳಿಯುವುದುಂಟು.)

ನಮ್ಮ ಕಡೆ ಕಾಡನ್ನೂ ಕೋಟೆಯನ್ನೂ ಬೇರೆ ಬೇರೆ ಮಾಡಿ ನೋಡೋಕೆ ಆಗಲ್ಲ. ಮಳೆ, ಕಾಡು, ಘಾಟಿ ಇದ್ದಿದ್ದಕ್ಕೇ ರಾಜಧಾನಿ ಇಲ್ಲಿಗೆ ಬಂತು. ಕೆಳದಿಯ ನಾಯಕರು 1499ರಿಂದ 1763ರವರೆಗೆ ಈ ಸೀಮೆ ಆಳಿದವರು. ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು. ಮೊದಲಿನ ಎರಡೂ ಸಾಗರದ ಹತ್ತಿರ, ಬಯಲು ಜಾಸ್ತಿ ಇರುವ ಕಡೆ. ಬಿಜಾಪುರದ ಸೈನ್ಯ ಇಕ್ಕೇರಿಯ ಮೇಲೆ ಬಿದ್ದ ಮೇಲೆ, 1639ರ ಸುಮಾರಿಗೆ, ವೀರಭದ್ರ ನಾಯಕ ರಾಜಧಾನಿಯನ್ನು ಬಿದನೂರಿಗೆ ತಂದ. ಸುತ್ತ ಗುಡ್ಡ, ದಟ್ಟ ಕಾಡು, ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ. ಕುದುರೆ ಸೈನ್ಯಕ್ಕೆ ಇದಕ್ಕಿಂತ ಕಷ್ಟದ ಜಾಗ ಇನ್ನೆಲ್ಲಿ? ಪಕ್ಕದಲ್ಲೇ ಹೊಸಂಗಡಿ ಘಾಟಿ. ಮೆಣಸು, ಅಕ್ಕಿ ಈ ಘಾಟಿಗಳಲ್ಲೇ ಇಳಿದು ಕರಾವಳಿಯ ಬಂದರುಗಳಿಗೆ ಹೋಗುತ್ತಿತ್ತು. ಇದಿಷ್ಟು ತಲೆಯಲ್ಲಿಟ್ಟುಕೊಂಡು ಬನ್ನಿ. ಇಲ್ಲದಿದ್ದರೆ ಎಲ್ಲ ಕೋಟೆಯೂ ಬಿದ್ದ ಕಲ್ಲಿನ ರಾಶಿ ಅನ್ನಿಸಿ ಬೇಜಾರಾಗುತ್ತದೆ.

ಮೊದಲ ದಿನ ನಗರದ ಕೋಟೆ. ರಸ್ತೆ ಪಕ್ಕದಲ್ಲೇ ಇದೆ, ಹತ್ತುವುದು ಸ್ವಲ್ಪವೇ, ಅಪ್ಪ ಅಮ್ಮನಿಗೆ ತೊಂದರೆ ಇಲ್ಲ. ಬಾಗಿಲ ಹತ್ತಿರದ ಕಾವಲು ಕೋಣೆ, ಗುಂಡಗಿನ ಕೊತ್ತಲ, ಒಳಗೆ ದರ್ಬಾರಿನ ಜಾಗ, ಅಕ್ಕ-ತಂಗಿ ಕೊಳ. ಕೊತ್ತಲದ ಮೇಲೆ ನಿಂತು ಸುತ್ತ ನೋಡಿ. ಯಾವ ಕಡೆ ತಿರುಗಿದರೂ ಗುಡ್ಡವೇ.

ಇಲ್ಲಿ ಆಳಿದವರಲ್ಲಿ ಹೆಸರು ಮಾಡಿದ್ದು ಶಿವಪ್ಪ ನಾಯಕ. ಜಮೀನು ಅಳೆಸಿ, ಮಣ್ಣಿನ ಗುಣ ನೋಡಿ ಕಂದಾಯ ಗೊತ್ತು ಮಾಡಿದವನು. ಅದೇ ಶಿವಪ್ಪ ನಾಯಕನ ಸಿಸ್ತು. ಆಮೇಲೆ ಬಂದ ರಾಣಿ ಚೆನ್ನಮ್ಮ, ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ಕೊಟ್ಟಳು. ಬೆನ್ನಟ್ಟಿ ಬಂದ ಔರಂಗಜೇಬನ ಸೈನ್ಯವನ್ನೂ ತಡೆದಳು. ಈ ಕಥೆ ನಮ್ಮಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ಆದರೆ ಕೋಟೆಯಲ್ಲಿ ನಿಂತಾಗ ನನಗೆ ಜಾಸ್ತಿ ನೆನಪಾಗುವುದು ಕೊನೆಯ ರಾಣಿ ವೀರಮ್ಮಾಜಿ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ. ರಾಣಿ ತಪ್ಪಿಸಿಕೊಂಡು ಬಲ್ಲಾಳರಾಯನದುರ್ಗಕ್ಕೆ ಹೋದರೂ ಸೆರೆ ಸಿಕ್ಕಳು, ಮಧುಗಿರಿ ಕೋಟೆಯಲ್ಲಿ ಬಂದಿಯಾದಳು. ಇಲ್ಲಿ ಸಿಕ್ಕ ಸಂಪತ್ತೇ ಹೈದರನನ್ನು ದೊಡ್ಡ ದೊರೆ ಮಾಡಿತು. ಊರಿಗೆ ಹೈದರ್‌ನಗರ ಅಂತ ಹೆಸರಿಟ್ಟ, ಇಲ್ಲೇ ನಾಣ್ಯ ಅಚ್ಚು ಹಾಕಿಸಿದ. 1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಇದೇ ಹೊಸಂಗಡಿ ಘಾಟಿ ಹತ್ತಿ ಬಂದು ಕೋಟೆ ಹಿಡಿದ, ಕೆಲವೇ ತಿಂಗಳಲ್ಲಿ ಟಿಪ್ಪು ವಾಪಸ್ ಕಸಿದುಕೊಂಡ. ಇಷ್ಟೆಲ್ಲ ನಡೆದ ಜಾಗದಲ್ಲಿ ಈಗ ಜನ ಬಂದು ಎರಡು ಸೆಲ್ಫಿ ತೆಗೆದು ಕೊಲ್ಲೂರಿಗೆ ಹೊರಡುತ್ತಾರೆ. ನೀವು ಹಾಗೆ ಮಾಡಬೇಡಿ.

ಅದೇ ದಿನ ದೇವಗಂಗೆಗೆ ಹೋಗಿ. ನಗರದಿಂದ ಕೆಲವೇ ಕಿಲೋಮೀಟರ್, ಬಸವನಬ್ಯಾಣದ ಹತ್ತಿರ. ನನ್ನ ಮಟ್ಟಿಗೆ ಇಡೀ ತಾಲ್ಲೂಕಿನಲ್ಲಿ ಇದೇ ಚೆಂದದ ಜಾಗ. ಗುಡ್ಡದ ಬುಡದಲ್ಲಿ ಏಳು ಕೊಳ. ಒಂದೊಂದರದು ಒಂದೊಂದು ಆಕಾರ. ಮೇಲಿನ ಕಾಡಿನಿಂದ ಬರುವ ನೀರು ಕಲ್ಲಿನ ಕಾಲುವೆ ಹಿಡಿದು ಒಂದು ಕೊಳದಿಂದ ಇನ್ನೊಂದಕ್ಕೆ ಹರಿಯುತ್ತದೆ. ಪಂಪಿಲ್ಲ, ಮೋಟರಿಲ್ಲ, ಬರೀ ಇಳಿಜಾರು ನೋಡಿಕೊಂಡು ಮಾಡಿದ ಕೆಲಸ. ಬೇಸಿಗೆಯಲ್ಲೂ ನೀರು ಬತ್ತುವುದಿಲ್ಲ, ಯಾಕಂದ್ರೆ ಮೇಲೆ ಕಾಡು ಇದೆ. ಒಂದು ಗಂಟೆ ಸುಮ್ನೆ ಕೂತುಬನ್ನಿ. ಕೊಳಕ್ಕೆ ಮಾತ್ರ ಇಳಿಯಬೇಡಿ.

ಎರಡನೇ ದಿನ ಕವಲೇದುರ್ಗ. ಇದು ತೀರ್ಥಹಳ್ಳಿ ತಾಲ್ಲೂಕು. ಬೆಳಿಗ್ಗೆ ಬೇಗ ತಿಂಡಿ ತಿಂದು ಹೊರಡಿ. ಊರಲ್ಲಿ ಕಾರು ನಿಲ್ಲಿಸಿ, ಗದ್ದೆ ಅಂಚಿನಲ್ಲಿ ನಡೆದರೆ ಕಲ್ಲು ಹಾಸಿದ ದಾರಿ ಶುರುವಾಗುತ್ತದೆ. ಹತ್ತುವುದು ಮುಕ್ಕಾಲು ಗಂಟೆ, ಹಿರಿಯರಾದರೆ ಒಂದು ಗಂಟೆ ಇಟ್ಟುಕೊಳ್ಳಿ. ಮಂಡಿ ನೋವಿದ್ದರೆ ಮೊದಲ ಬಾಗಿಲವರೆಗೆ ಹೋಗಿ ಕೂರಬಹುದು, ಅಲ್ಲಿಗೂ ಗೋಡೆಯ ಅಂದಾಜು ಸಿಗುತ್ತದೆ. ಗುಡ್ಡದ ಮೈಗೆ ಹೊಂದಿಕೊಂಡು ಸುತ್ತುಸುತ್ತಾಗಿ ಕೋಟೆ ಗೋಡೆ, ಬಾಗಿಲಿಂದ ಬಾಗಿಲಿಗೆ ದಾರಿ ತಿರುಗಿಕೊಂಡೇ ಹೋಗುತ್ತದೆ. ವೈರಿ ನೇರ ನುಗ್ಗಬಾರದು ಅಂತ ಮಾಡಿದ್ದು. ಒಳಗೆ ಕಾಶಿ ವಿಶ್ವನಾಥ ದೇವಸ್ಥಾನ, ನೀರಿನ ಕೊಳ, ಅರಮನೆಯ ಅಡಿಪಾಯ. ಅರಮನೆಯಲ್ಲಿ ಕಲ್ಲಿನ ಒಲೆ ಹುಡುಕಿ, ನೀರು ಹರಿದು ಹೋಗಲು ಮಾಡಿದ ಚರಂಡಿಯನ್ನೂ ನೋಡಿ. ಈ ಮಳೆಯ ಊರಲ್ಲಿ ಗುಡ್ಡದ ಮೇಲೆ ಮನೆ ಕಟ್ಟುವವನು ಮೊದಲು ಯೋಚಿಸುವುದೇ ನೀರನ್ನು ಹೊರಗೆ ಹಾಕುವುದು ಹೇಗೆ ಅಂತ. ಕೋಟೆಯನ್ನು ಗಟ್ಟಿ ಮಾಡಿಸಿದವನು ವೆಂಕಟಪ್ಪ ನಾಯಕ ಅಂತಾರೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಕ್ಕೇರಿಗೆ ಬಂದು ಕಂಡಿದ್ದು ಇದೇ ವೆಂಕಟಪ್ಪನನ್ನು.

ತುದಿಯ ಬಂಡೆಯ ಮೇಲೆ ಪುಟ್ಟ ದೇವಸ್ಥಾನ ಇದೆ. ಅಲ್ಲಿಂದ ವಾರಾಹಿ ಹಿನ್ನೀರು ಕಾಣುತ್ತದೆ. ಫೋಟೋ ಚೆನ್ನಾಗಿ ಬರುತ್ತದೆ, ತೆಗೆದುಕೊಳ್ಳಿ. ಆದರೆ ನಮ್ಮ ತಾಲ್ಲೂಕಿನವರಿಗೆ ಹಿನ್ನೀರು ಅಂದ್ರೆ ಬರೀ ನೋಟ ಅಲ್ಲ. ಲಿಂಗನಮಕ್ಕಿ, ಮಾಣಿ, ಚಕ್ರಾ, ಸಾವೇಹಕ್ಲು ಅಂತ ಒಂದಾದ ಮೇಲೊಂದು ಅಣೆಕಟ್ಟು ಬಂದು ಗದ್ದೆ, ತೋಟ, ಮನೆ ಎಲ್ಲ ಒಳಗೆ ಹೋಯಿತು. ಊರಲ್ಲಿ ಹಿರಿಯರು ಸಿಕ್ಕರೆ ಮುಳುಗಡೆ ಬಗ್ಗೆ ಕೇಳಿ ನೋಡಿ, ಕೋಟೆಯ ಕಥೆಗಿಂತ ಜಾಸ್ತಿ ಹೊತ್ತು ಮಾತಾಡುತ್ತಾರೆ. ಅಂದ ಹಾಗೆ, ಮಾಸ್ತಿಕಟ್ಟೆ ಹತ್ತಿರದ ಕುಂಚಿಕಲ್ ಜಲಪಾತ ದೇಶದಲ್ಲೇ ಎತ್ತರ, 455 ಮೀಟರ್ ಅಂತ ಇಂಟರ್ನೆಟ್‌ನಲ್ಲಿ ಓದಿ ಹೊರಡಬೇಡಿ. ಮಾಣಿ ಅಣೆಕಟ್ಟು ಆದ ಮೇಲೆ ಮಳೆಗಾಲ ಬಿಟ್ಟರೆ ಅಲ್ಲಿ ನೀರೇ ಇಲ್ಲ.

ಮೂರನೇ ದಿನ ಕೊಡಚಾದ್ರಿ. ಎತ್ತರ 1343 ಮೀಟರ್. ನಿಟ್ಟೂರಿನಿಂದಲೂ ಕೊಲ್ಲೂರಿನಿಂದಲೂ ಜೀಪು ಸಿಗುತ್ತದೆ. ನಿಮ್ಮ ಕಾರಿನಲ್ಲಿ ಹೋಗುವ ಯೋಚನೆಯೇ ಬೇಡ. ಕೊನೆಯ ಭಾಗ ರಸ್ತೆ ಅಲ್ಲ, ಕಲ್ಲು ಗುಂಡಿ ಅಷ್ಟೇ. ಬೆನ್ನುನೋವು ಇದ್ದವರು ಜೀಪನ್ನೂ ಹತ್ತಬಾರದು. ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಜೀಪು ನಿಲ್ಲುವ ಕಡೆ ಮೂಲ ಮೂಕಾಂಬಿಕೆಯ ಗುಡಿ, ಅದರ ಮುಂದೆ ಸುಮಾರು 40 ಅಡಿ ಎತ್ತರದ ಕಬ್ಬಿಣದ ಕಂಬ. ದೇವಿಯ ತ್ರಿಶೂಲ ಅಂತ ಜನ ನಂಬುತ್ತಾರೆ. ಮಳೆ ನಾಡಿನಲ್ಲಿ ಇಷ್ಟು ವರ್ಷ ನಿಂತಿದೆಯಲ್ಲ ಅಂತ ನನಗೆ ಪ್ರತಿ ಸಲವೂ ಆಶ್ಚರ್ಯ. ಅಲ್ಲಿಂದ ಸರ್ವಜ್ಞ ಪೀಠಕ್ಕೆ ನಡೆದೇ ಹೋಗಬೇಕು, ಶಂಕರಾಚಾರ್ಯರು ತಪಸ್ಸು ಮಾಡಿದ ಜಾಗ ಅನ್ನುವ ಪುಟ್ಟ ಕಲ್ಲಿನ ಮಂಟಪ. ಸಂಜೆಯೇ ಹೋಗಬೇಕೆಂದಿಲ್ಲ. ಸೂರ್ಯಾಸ್ತಕ್ಕೆ ಜನ ಜಾಸ್ತಿ, ಬೆಳಿಗ್ಗೆ ಮಂಜು ಸರಿಯುವಾಗ ಶೋಲಾ ಕಾಡು, ಹುಲ್ಲುಗುಡ್ಡ ಎರಡೂ ನಿಧಾನಕ್ಕೆ ಬಿಡಿಸಿಕೊಳ್ಳುತ್ತವೆ. ಹಿಡ್ಲುಮನೆ ಜಲಪಾತದ ದಾರಿ ಜಾರುತ್ತದೆ, ಅದು ನಿಮ್ಮ ವಯಸ್ಸಿನವರಿಗೆ, ಅಪ್ಪ ಅಮ್ಮನಿಗಲ್ಲ. ಅರಣ್ಯ ಇಲಾಖೆಯ ಅನುಮತಿ, ಶುಲ್ಕದ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ವಿಚಾರಿಸಿ.

ಅಪ್ಪ ಅಮ್ಮನಿಗೆ ಜೀಪು ಬೇಡ ಅನ್ನಿಸಿದರೆ ಆ ದಿನ ಹೊಂಬುಜಕ್ಕೆ ಕರೆದುಕೊಂಡು ಹೋಗಿ. ಹುಂಚ ಅಂತಲೂ ಹೇಳುತ್ತಾರೆ. ಸಾಂತರ ಅರಸರ ರಾಜಧಾನಿ, ಪದ್ಮಾವತಿ ದೇವಿಯ ಕ್ಷೇತ್ರ. 1077ರಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿ, ಅದರ ಮುಂದಿನ ಮಾನಸ್ತಂಭ ನೋಡಲೇಬೇಕು. ಕೆಳದಿಯವರಿಗಿಂತ ನಾನೂರು ವರ್ಷ ಹಿಂದಿನದು. ಹತ್ತುವ ಇಳಿಯುವ ಕೆಲಸ ಕಡಿಮೆ.

ನವೆಂಬರ್ ಒಳ್ಳೆಯ ತಿಂಗಳು. ಮಳೆ ನಿಂತಿರುತ್ತದೆ, ಹಸಿರು ಉಳಿದಿರುತ್ತದೆ. ನೆರಳಿನ ದಾರಿಯಲ್ಲಿ ಉಂಬಳ ಇನ್ನೂ ಸಿಗಬಹುದು. ಉಪ್ಪು ಅಥವಾ ಸುಣ್ಣ ಇಟ್ಟುಕೊಳ್ಳಿ, ಕಚ್ಚಿದರೆ ಕಿತ್ತು ಎಳೆಯಬೇಡಿ. ನೀವು ಪ್ರವಾಸ ಮುಂದಕ್ಕೆ ಹಾಕಿ ಡಿಸೆಂಬರ್ ಆದ ಮೇಲೆ ಬರುವುದಾದರೆ ಉಣುಗಿನ ಬಗ್ಗೆ ಎಚ್ಚರ ಇರಲಿ. ಮಂಗನ ಕಾಯಿಲೆ ಹರಡುವುದು ಅದರಿಂದಲೇ, ಕಾಯಿಲೆ ಮೊದಲು ಪತ್ತೆಯಾಗಿದ್ದೂ ನಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಡಿಸೆಂಬರ್‌ನಿಂದ ಮೇ ವರೆಗೆ ಅದರ ಕಾಲ. ಪೂರ್ತಿ ಬಟ್ಟೆ ಹಾಕಿಕೊಳ್ಳಿ, ತರಗೆಲೆ ಮೇಲೆ ಕೂರಬೇಡಿ. ಮಂಗ ಸತ್ತಿದೆ ಅಂತ ಸುದ್ದಿ ಇರುವ ಕಡೆ ಹೋಗಲೇಬೇಡಿ.

ಉಳಿಯಲು ಹೋಂಸ್ಟೇ ನೋಡಿ, ಅಡಿಕೆ ತೋಟದ ಮನೆಯಾದರೆ ಇನ್ನೂ ಒಳ್ಳೆಯದು. ಆ ಹೊತ್ತಿಗೆ ಕೊಯ್ಲು ನಡೆಯುತ್ತಿರುತ್ತದೆ, ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸುವುದನ್ನು ನಿಮ್ಮ ತಂದೆಯವರು ಬಹಳ ಹೊತ್ತು ನೋಡುತ್ತಾರೆ, ಬರೆದಿಟ್ಟುಕೊಳ್ಳಿ. ಊಟಕ್ಕೆ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಬೆಳಿಗ್ಗೆ ಕಡುಬು ಕೇಳಿ. ಮುಂಚೆಯೇ ಹೇಳಿದರೆ ಮಾಡಿಕೊಡುತ್ತಾರೆ. ಕೈಯಲ್ಲಿ ಸ್ವಲ್ಪ ನಗದು ಇರಲಿ, ನೆಟ್‌ವರ್ಕ್ ಹಲವು ಕಡೆ ಸಿಗುವುದಿಲ್ಲ. ಪೆಟ್ರೋಲ್ ಹೊಸನಗರದಲ್ಲೇ ತುಂಬಿಸಿಕೊಳ್ಳಿ. ಕೊನೆಯ ರಾತ್ರಿ ಕೊಲ್ಲೂರಿನಲ್ಲಿ ಉಳಿಯುವುದಾದರೆ ಶನಿವಾರ, ಭಾನುವಾರ ಬೇಡ. ಆ ಎರಡು ದಿನ ರೂಮಿಗೂ ದರ್ಶನಕ್ಕೂ ನೂಕುನುಗ್ಗಲು.