ಬಾಕ್ಸ್ ವಾಪಸ್ ಕೊಡುವ ಮೊದಲು

ಶಿರಸಿಯ ಗೆಳೆಯರು ಡಿಟಿಎಚ್ ಬಾಕ್ಸಿಗೆ ಹಾರ್ಡ್ ಡಿಸ್ಕ್ ಹಾಕಿ ಎಚ್‌ಡಿ ಚಾನೆಲ್‌ನ ಹಳೆಯ ರಾಜ್‌ಕುಮಾರ್ ಸಿನಿಮಾಗಳನ್ನು ತುಂಬಿಸಿದ್ದಾರಂತೆ. ಬಾಕ್ಸ್ ನಡುನಡುವೆ ಆಫ್ ಆಗುತ್ತದೆ, ಹೊಸದು ತಗೊಳ್ತೀನಿ ಅಂದಿದ್ದಾರೆ. ದಯವಿಟ್ಟು ತಡೆಯಿರಿ. ಆ ರೆಕಾರ್ಡಿಂಗ್ ಲಾಕ್ ಆಗಿರೋದು ಆ ಬಾಕ್ಸಿಗೆ. ಹೊಸ ಬಾಕ್ಸಿಗೆ ಡಿಸ್ಕ್ ಸಿಕ್ಕಿಸಿದರೆ ಫಾರ್ಮ್ಯಾಟ್ ಮಾಡಲೇ ಅಂತ ಕೇಳುತ್ತದೆ. ಓಕೆ ಒತ್ತಿದಿರೋ, ಎಲ್ಲ ಹೋಯಿತು. ನಾನು ಒತ್ತಿದ್ದೆ. ಕಂಪ್ಯೂಟರಿಗೆ ಹಾಕಿದರೂ ತೆರೆಯುವುದಿಲ್ಲ, ಫೈಲ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಆ ಬಾಕ್ಸ್ ಬಿಟ್ಟು ಬೇರೆಲ್ಲೂ ಓದಲಾಗದ ಗುಪ್ತ ರೂಪದಲ್ಲಿರುತ್ತದೆ. ಆಫ್ ಆಗೋದಷ್ಟೇ ತೊಂದರೆಯಾದರೆ ಮೊದಲು ಅಡಾಪ್ಟರ್ ಬದಲಿಸಿ ನೋಡಿ. ಡಿಸ್ಕ್ ಎಳೆಯುವ ಕರೆಂಟಿಗೆ ಹಳೆಯ ಅಡಾಪ್ಟರ್ ಸೋಲುತ್ತದೆ.

ಪೇ ಚಾನೆಲ್ ರೆಕಾರ್ಡಿಂಗ್ ಇರೋದು ನೋಡಿ ಅಳಿಸೋಕೆ. ಕೂಡಿಡೋ ಆಸೆ ಇದ್ದರೆ ದೂರದರ್ಶನದ ಉಚಿತ ಸೇವೆ ಡಿಡಿ ಫ್ರೀ ಡಿಶ್ ಹಾಕಿಸಿ, ಎಂಪೆಗ್-4 ಬಾಕ್ಸ್ ತಗೊಳ್ಳಿ, ಡಿಡಿ ಚಂದನದಲ್ಲಿ ಬರೋದನ್ನು ಹಿಡಿಯಿರಿ. ಟಿಎಸ್ ಫೈಲ್ (ಕಂಪ್ಯೂಟರಿನಲ್ಲೂ ಓಡುವ ವಿಡಿಯೋ ಫೈಲ್) ಆಗಿ ಉಳಿಸುವ ಬಾಕ್ಸೇ ಬೇಕು. ಅಂಗಡಿಯಲ್ಲೇ ಐದು ನಿಮಿಷ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿನ ವಿಎಲ್‌ಸಿಯಲ್ಲಿ ಓಡಿಸಿ ನೋಡಿ. ಎಚ್‌ಡಿ ಅಲ್ವಲ್ಲ ಅಂತ ಕೊರಗಬೇಡಿ. ಎಷ್ಟೋ ಹಳೆಯ ಸಿನಿಮಾಗಳ ಪ್ರಿಂಟೇ ಮಸುಕು, ಎಚ್‌ಡಿ ಚಾನೆಲ್ ಅದನ್ನೇ ಹಿಗ್ಗಿಸಿ ಬಿಡುತ್ತದೆ. ಫ್ರೀ ಡಿಶ್ ಬರೋದು ಜಿಸ್ಯಾಟ್-15 ಉಪಗ್ರಹದಿಂದ, ಅದು ಇರೋದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮ ಕಡೆ ಡಿಶ್ ಆಗ್ನೇಯಕ್ಕೆ ಮುಖ ಮಾಡಬೇಕು. ತೋಟದ ಮನೆಯವರು ಆ ದಿಕ್ಕಿನ ತೆಂಗು, ಅಡಿಕೆ ನೋಡಿಕೊಂಡೇ ಕೂರಿಸಿ.

ಈಗ ಕರೆಂಟ್ ವಿಷಯ. ಯಾರೂ ಇದನ್ನು ಕೇಳೋದೇ ಇಲ್ಲ, ಸಿನಿಮಾ ಹಾಳಾಗೋದು ಮಾತ್ರ ಇಲ್ಲೇ. ರೆಕಾರ್ಡ್ ಆಗುತ್ತಿರುವಾಗ ಕರೆಂಟ್ ಹೋದರೆ ಆ ಫೈಲ್ ಅಷ್ಟೇ ಅಲ್ಲ, ಒಮ್ಮೊಮ್ಮೆ ಡಿಸ್ಕಿನಲ್ಲಿರೋದೆಲ್ಲ ಹೋಗುತ್ತದೆ. ಇನ್ವರ್ಟರ್ ಬೇಕಿಲ್ಲ. ನಿಮ್ಮ ಬಾಕ್ಸಿನ ಅಡಾಪ್ಟರ್ 12 ವೋಲ್ಟ್ ಆಗಿದ್ದರೆ ವೈಫೈ ರೂಟರಿಗೆ ಹಾಕುವ ಪುಟ್ಟ ಯುಪಿಎಸ್ ಸಾಕು. ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಕರೆಂಟ್ ಬಾಕ್ಸಿನಿಂದಲೇ ಹೋಗುತ್ತದೆ, ಟಿವಿ ಆನ್ ಇರಬೇಕಿಲ್ಲ. ಊರೆಲ್ಲ ಕತ್ತಲಾದರೂ ಯುಪಿಎಸ್‌ನ ಬ್ಯಾಟರಿ ಇರೋವರೆಗೆ ರೆಕಾರ್ಡಿಂಗ್ ನಡೆಯುತ್ತಲೇ ಇರುತ್ತದೆ. ಆದರೆ ಆಂಪಿಯರ್ ನೋಡದೆ ತರಬೇಡಿ. ಅಡಾಪ್ಟರ್ ಮೇಲೆ 2 ಆಂಪಿಯರ್ ಅಂತಿದ್ದರೆ ಯುಪಿಎಸ್ಸೂ ಅಷ್ಟು ಕೊಡಬೇಕು, ಪಿನ್ ಕೂಡ ಹೊಂದಬೇಕು. 5 ಅಥವಾ 9 ವೋಲ್ಟಿನದನ್ನು ಸಿಕ್ಕಿಸಲೇಬೇಡಿ.

ಯುಪಿಎಸ್ ಇದ್ದರೂ ಜೋರು ಮಳೆಗೆ ಸಿಗ್ನಲ್ ಹೋಗುತ್ತದೆ. ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ತರಂಗ ಇರೋದೇ ಹಾಗೆ. ಆಷಾಢದಲ್ಲಿ ಅಪರೂಪದ ಸಿನಿಮಾ ಬಂದರೆ ಮರುಪ್ರಸಾರದ ಟೈಮೂ ಟೈಮರಿನಲ್ಲಿ ಹಾಕಿಡಿ. ಕಾರವಾರ, ಅಂಕೋಲಾದವರಿಗೆ ಇನ್ನೊಂದು ಕಾಟ, ಉಪ್ಪುಗಾಳಿ. ಎಲ್‌ಎನ್‌ಬಿಯ ಕನೆಕ್ಟರ್ ತುಕ್ಕು ಹಿಡಿದು ಚಿತ್ರ ಚೌಕ ಚೌಕ ಆಗುತ್ತದೆ. ಮಳೆಗಾಲಕ್ಕೆ ಮೊದಲೇ ಬದಲಿಸಿ ರಬ್ಬರ್ ಟೇಪ್ ಸುತ್ತಿ. ಬರೀ ಇನ್ಸುಲೇಷನ್ ಟೇಪ್ ಬಿಸಿಲಿಗೆ ಬಿಚ್ಚಿಕೊಳ್ಳುತ್ತದೆ.

ಪೆನ್‌ಡ್ರೈವ್ ನಂಬಬೇಡಿ, ಗಂಟೆಗಟ್ಟಲೆ ರೆಕಾರ್ಡ್ ಮಾಡಿದರೆ ಬಿಸಿಯಾಗುತ್ತದೆ. ನನಗೆ ಹಿಡಿಸಿದ್ದು ವೆಸ್ಟರ್ನ್ ಡಿಜಿಟಲ್‌ನ ಎರಡೂವರೆ ಇಂಚಿನ ಡಿಸ್ಕ್. ಎಚ್‌ಡಿ ಚಾನೆಲ್ 8 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 8 ಮೆಗಾಬಿಟ್) ಬಂದರೆ ಗಂಟೆಗೆ 3.6 ಜಿಬಿ ಬೇಕು. ಡಿಸ್ಕ್ ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗೊಮ್ಮೆ ಫೈಲ್ ತುಂಡಾಗುತ್ತದೆ, ಗಾಬರಿ ಬೇಡ.

ಹಳೆಯ ಸಿನಿಮಾದಲ್ಲಿ ಮುಖಗಳು ಅಗಲ ಕಾಣ್ತವೆ ಅಂತಲೂ ಶಿರಸಿಯ ಗೆಳೆಯರು ಅಂದಿದ್ದಾರೆ. ಅದು ಟಿವಿ ಸೆಟ್ಟಿಂಗ್, ಚಿತ್ರದ ಆಕಾರವನ್ನು 4:3ಕ್ಕೆ ಹಾಕಿ. ಚಾನೆಲ್‌ನವರೇ ತಲೆ ಕತ್ತರಿಸಿ ಬಿಟ್ಟಿದ್ದರೆ ಮಾತ್ರ ನಮ್ಮ ಕೈಯಲ್ಲಿ ಏನೂ ಇಲ್ಲ. ಟೈಮರಿನಲ್ಲಿ ಸಿನಿಮಾ ಶುರುವಾಗೋ ಮೊದಲು ಹತ್ತು, ಮುಗಿದ ಮೇಲೆ ಮೂವತ್ತು ನಿಮಿಷ ಸೇರಿಸಿ. ಜಾಹೀರಾತು ಜಾಸ್ತಿಯಾಗಿ ಕ್ಲೈಮ್ಯಾಕ್ಸ್ ತಡವಾಗೋದು ಮಾಮೂಲು.