ಮಗಳು ಸಭೆಯನ್ನು ಬಿಟ್ಟಿಲ್ಲ

ಪುಣೆಯಿಂದ ಬಂದ ತಂದೆಯೊಬ್ಬರ ಪತ್ರವನ್ನು ಓದಿದ ಮೇಲೆ ಈ ವಾರ ಬೇರೆ ಪತ್ರಗಳಿಗೆ ಉತ್ತರ ಬರೆಯಲು ಮನಸ್ಸಾಗಲಿಲ್ಲ. ಅವರದು ಬೆಟಗೇರಿಯಲ್ಲಿ ಬಾಸೆಲ್ ಮಿಶನ್ ಎಂಬ ಸ್ವಿಸ್ ಪ್ರಾಟೆಸ್ಟಂಟ್ ಸಂಸ್ಥೆಯ ಮೂಲಕ ಕ್ರೈಸ್ತರಾದ ಹಳೆಯ ಮನೆತನ. ಕಾರ್ಖಾನೆಯ ಕೆಲಸಕ್ಕೆಂದು ಪಿಂಪ್ರಿಗೆ ಬಂದು ನೆಲೆಸಿದವರು, ಈಗ ಉತ್ತರ ಭಾರತ ಸಭೆಗೆ, ಅಂದರೆ ಸಿ.ಎನ್.ಐ. ಎಂಬ ಪ್ರಾಟೆಸ್ಟಂಟ್ ಚರ್ಚಿಗೆ ಸೇರಿದ ಒಂದು ಕನ್ನಡ ಸಭೆಯ ಸಮಿತಿಯಲ್ಲಿದ್ದಾರೆ. ಐಟಿ ಕಂಪನಿಯಲ್ಲಿ ದುಡಿಯುವ ಅವರ ಮಗಳು ವಾಕಡ್‌ನ ಹೋಟೆಲೊಂದರ ಹಾಲ್‌ನಲ್ಲಿ ಕೂಡುವ ಇಂಗ್ಲಿಷ್ ಫೆಲೋಶಿಪ್‌ಗೆ ಹೋಗತೊಡಗಿ, ಈಸ್ಟರ್ ಕಳೆದ ಮೇಲೆ ಈಜುಕೊಳವೊಂದರಲ್ಲಿ ಮುಳುಗಿ ದೀಕ್ಷಾಸ್ನಾನ, ಅಂದರೆ ಕ್ರೈಸ್ತರಾಗುವ ನೀರಿನ ಸಂಸ್ಕಾರ, ಪಡೆದಿದ್ದಾಳೆ. ಹಸುಗೂಸಾಗಿದ್ದಾಗ ಬೆಟಗೇರಿಯಲ್ಲಿ ಅವಳಿಗೆ ದೀಕ್ಷಾಸ್ನಾನವಾಗಿತ್ತು, ಹದಿಹರೆಯದಲ್ಲಿ ಆ ನಂಬಿಕೆಯನ್ನು ತಾನೇ ಒಪ್ಪಿಕೊಳ್ಳುವ ದೃಢೀಕರಣವೂ ಆಗಿತ್ತು. ಸಮಿತಿಯ ಕಾರ್ಯದರ್ಶಿ ಈ ತಂದೆಯ ಸ್ವಂತ ಅಣ್ಣ. ಅವರ ಒತ್ತಾಯದ ಮೇರೆಗೆ, ಮಗಳು ಕ್ಷಮಾಪಣೆಯ ಪತ್ರ ಬರೆದುಕೊಡುವ ತನಕ ಅವಳಿಗೆ ಪ್ರಭುಭೋಜನ, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸ, ಕೊಡಬಾರದೆಂದು ಸಮಿತಿ ನಿರ್ಣಯಿಸಿದೆ. ತಂದೆ ಕೇಳುವುದು ಎರಡು ಪ್ರಶ್ನೆ: ಎರಡನೆಯ ದೀಕ್ಷಾಸ್ನಾನ ಪಾಪವೇ? ಸಭೆಯನ್ನು ಬಿಟ್ಟುಹೋದ ಮಗಳಿಂದ ಆ ಪತ್ರವನ್ನು ಬರೆಸುವುದು ಹೇಗೆ?

ಸಹೋದರರೇ, ನಿಮ್ಮ ಪತ್ರದ ಕೊನೆಯ ಹಾಳೆಯಲ್ಲಿ, ಬೇರೇನನ್ನೋ ಹೇಳುವ ನಡುವೆ, ಹೀಗೊಂದು ಸಾಲು ಬಂದಿದೆ: "ಈಗಲೂ ಭಾನುವಾರ ಮಧ್ಯಾಹ್ನ ಆಯಿಯನ್ನು ರಿಕ್ಷಾದಲ್ಲಿ ಕರೆತಂದು, ಹಿಂದಿನ ಬೆಂಚಿನಲ್ಲಿ ಕೂತಿದ್ದು, ಮುಗಿದ ಮೇಲೆ ಕರೆದುಕೊಂಡು ಹೋಗುತ್ತಾಳೆ, ಅಷ್ಟೆ." ಅಷ್ಟೆ ಎಂದು ಬರೆಯಲು ನಿಮಗೆ ಹೇಗೆ ಸಾಧ್ಯವಾಯಿತು? ಬೆಳಗ್ಗೆ ಒಂದು ಆರಾಧನೆ ಮುಗಿಸಿ, ಮಧ್ಯಾಹ್ನ ವಯಸ್ಸಾದ ಅಜ್ಜಿಯ ಕೈಹಿಡಿದು ಕನ್ನಡ ಆರಾಧನೆಗೆ ಬರುವ, ಕನ್ನಡ ಓದಲು ಬಾರದ್ದರಿಂದ ಕೀರ್ತನೆಗಳನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡುವ ಹುಡುಗಿಯನ್ನು ನೀವು "ಬಿಟ್ಟುಹೋದವಳು" ಎನ್ನುತ್ತೀರಿ. ಪ್ರಭುಭೋಜನದ ಭಾನುವಾರ ತನ್ನ ಬೆಂಚಿನವರೆಲ್ಲರೂ ಎದ್ದು ಮುಂದೆ ಹೋಗುವಾಗ ಒಬ್ಬಳೇ ಕುಳಿತಿರಬೇಕೆಂದು ತಿಳಿದೂ ಅವಳು ಬರುತ್ತಿದ್ದಾಳೆ. ಅವಳ ವಯಸ್ಸಿನವರಲ್ಲಿ ಎಷ್ಟು ಮಂದಿ ಕ್ರಿಸ್‌ಮಸ್ ದಿನವಲ್ಲದೆ ಬೇರೆ ದಿನ ಆ ಬಾಗಿಲಿಗೆ ಬರುತ್ತಾರೆಂದು ಸಮಿತಿಯಲ್ಲಿ ಕೂತ ನಿಮಗೆ ಚೆನ್ನಾಗಿ ಗೊತ್ತಿದೆ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸುವಾಗ ನನ್ನ ನಿಲುವನ್ನು ಮರೆಮಾಚುವುದಿಲ್ಲ. ಶಿಶು ದೀಕ್ಷಾಸ್ನಾನ ಸಿಂಧುವಾದದ್ದು ಎಂದು ನಂಬಿದವನು ನಾನು. ನಿಮ್ಮ ಮಗಳು ಮೊದಲೇ ನನ್ನನ್ನು ಕೇಳಿದ್ದರೆ ಎರಡನೆಯದು ಬೇಡವೆಂದೇ ಹೇಳುತ್ತಿದ್ದೆ. ಅವಳ ತಂದೆತಾಯಿ ಸಭೆಯ ಮುಂದೆ ನಿಂತು ಮಾಡಿದ ಪ್ರತಿಜ್ಞೆಯನ್ನು "ಬರೀ ನೀರು ಚಿಮುಕಿಸಿದ್ದು" ಎಂದು ತಳ್ಳಿಹಾಕಿದ ಆ ಫೆಲೋಶಿಪ್‌ನ ಯುವ ಪಾಸ್ಟರ್ ಮಾಡಿದ್ದೂ ಸರಿಯಲ್ಲ. ಅವರು ನಿಮ್ಮ ಮನೆಗೆ ಬಂದು ನಿಮ್ಮೊಡನೆ ಒಮ್ಮೆ ಮಾತನಾಡಬೇಕಿತ್ತು. ಆದರೆ ಬೈಬಲ್ಲನ್ನು ಓದಿ, ಪ್ರಾರ್ಥಿಸಿ, ಕ್ರಿಸ್ತನಿಗೆ ವಿಧೇಯಳಾಗಬೇಕೆಂದು ನೀರಿಗಿಳಿದ ಹೆಣ್ಣುಮಗಳ ನಡೆಯನ್ನು ಪಾಪವೆನ್ನಲು ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ.

ಈ ಭಿನ್ನಾಭಿಪ್ರಾಯ ನಿಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ. 1812ರ ಫೆಬ್ರವರಿಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂ ಊರಿನಲ್ಲಿ ಐವರು ಯುವಕರು ಒಂದೇ ದಿನ ಮಿಶನರಿಗಳಾಗಿ ಅಭಿಷಿಕ್ತರಾಗಿ ಭಾರತಕ್ಕೆ ಹೊರಟರು. ಅವರಲ್ಲಿ ಅಡೋನಿರಾಮ್ ಜಡ್ಸನ್ ಹಡಗಿನಲ್ಲಿಯೇ ದೀಕ್ಷಾಸ್ನಾನದ ಕುರಿತು ಅಧ್ಯಯನಕ್ಕೆ ತೊಡಗಿ, ಕಲ್ಕತ್ತೆಗೆ ಬಂದ ಮೇಲೆ ಹೆಂಡತಿಯೊಂದಿಗೆ ಮುಳುಗು ದೀಕ್ಷಾಸ್ನಾನ ಪಡೆದರು. ಲೂಥರ್ ರೈಸ್ ಅವರನ್ನು ಹಿಂಬಾಲಿಸಿದರು. ಶಿಶು ದೀಕ್ಷಾಸ್ನಾನದ ತಮ್ಮ ಹಳೆಯ ನಂಬಿಕೆಯಲ್ಲೇ ಉಳಿದ ಗೋರ್ಡನ್ ಹಾಲ್ ಮತ್ತು ಸ್ಯಾಮ್ಯುಯೆಲ್ ನಾಟ್ 1813ರಲ್ಲಿ ಮುಂಬಯಿಗೆ ಬಂದಿಳಿದರು. ಮಹಾರಾಷ್ಟ್ರದ ಅಮೆರಿಕನ್ ಮರಾಠಿ ಮಿಶನ್ ಹುಟ್ಟಿದ್ದು ಹೀಗೆ. ಜಡ್ಸನ್ ಬರ್ಮಾಕ್ಕೆ ಹೋಗಿ ಅಲ್ಲಿನ ಜನರ ಭಾಷೆಗೆ ಬೈಬಲ್ಲನ್ನು ತಂದರು, ಹಾಲ್ 1826ರಲ್ಲಿ ಇದೇ ಮಹಾರಾಷ್ಟ್ರದಲ್ಲಿ ತೀರಿಕೊಂಡರು. ಇಬ್ಬರಲ್ಲಿ ಯಾರನ್ನು ನಿಮ್ಮ ಸಮಿತಿ ಪ್ರಭುಭೋಜನದ ಮೇಜಿನಿಂದ ಎಬ್ಬಿಸುತ್ತಿತ್ತು?

ನಿಮ್ಮ ಸಮಿತಿಗೆ ತನ್ನ ಸಭೆಯ ಚರಿತ್ರೆಯೇ ಮರೆತಂತಿದೆ. 1970ರ ನವೆಂಬರ್ 29ರಂದು ನಾಗಪುರದಲ್ಲಿ ಆರು ಸಭೆಗಳು ಕೂಡಿ ಸಿ.ಎನ್.ಐ. ಆದಾಗ, ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ಆಂಗ್ಲಿಕನ್ನರೂ ಮೆಥಡಿಸ್ಟರೂ ಮುಳುಗು ದೀಕ್ಷಾಸ್ನಾನದ ಬ್ಯಾಪ್ಟಿಸ್ಟರೂ ಒಂದೇ ಸೂರಿನಡಿ ಬಂದರು, ಎರಡೂ ಪದ್ಧತಿಗಳಿಗೆ ಅಲ್ಲಿ ಸ್ಥಾನ ಸಿಕ್ಕಿತು. ಅದೇ ಸಭೆಯ ಕಾರ್ಯದರ್ಶಿಯೊಬ್ಬರು ಸ್ವಂತ ತಮ್ಮನ ಮಗಳನ್ನು "ಈಜುಕೊಳದ ಕ್ರೈಸ್ತಳು" ಎಂದು ಎಲ್ಲರೆದುರು ಹಂಗಿಸಿದರೆಂದು ಓದಿ ನನಗೆ ತುಂಬ ನೋವಾಯಿತು. ನಿಮ್ಮ ಅಣ್ಣನವರು ಬೈಬಲಿನಲ್ಲಿರುವ, ಅಪೊಸ್ತಲ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ಐದನೆಯ ವಚನವನ್ನು, "ಒಂದೇ ದೀಕ್ಷಾಸ್ನಾನ" ಎಂಬುದನ್ನು, ಸಭೆಯಲ್ಲಿ ಓದಿ ತೋರಿಸಿದರಂತೆ. ಅದೇ ಅಧ್ಯಾಯದ ಎರಡನೆಯ ವಚನ ವಿನಯದಿಂದಲೂ ದೀರ್ಘಶಾಂತಿಯಿಂದಲೂ ಪ್ರೀತಿಯಿಂದಲೂ ಒಬ್ಬರನ್ನೊಬ್ಬರು ಸಹಿಸಿಕೊಳ್ಳಬೇಕೆಂದು ಹೇಳುತ್ತದೆ. ಅದನ್ನು ದಾಟಿಕೊಂಡು ಐದಕ್ಕೆ ಹೋಗುವ ಅಧಿಕಾರ ಯಾವ ಕಾರ್ಯದರ್ಶಿಗೂ ಇಲ್ಲ. ಈ ಪ್ರಕರಣದಲ್ಲಿ ಎಲ್ಲರಿಗಿಂತ ಹೆಚ್ಚಿನ ತಪ್ಪು ಅವರದೇ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಪ್ರಭುಭೋಜನಕ್ಕೆ ಮುಂಚೆ ಮನುಷ್ಯನು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲಿ ಎಂದು ಪೌಲನು ಕೊರಿಂಥದವರಿಗೆ ಬರೆದನು. ಒಬ್ಬರ ಆತ್ಮವನ್ನು ಇನ್ನೊಬ್ಬರು ಕೈಯೆತ್ತಿ ಮತ ಹಾಕಿ ತೂಗುವುದು ಆ ಮಾತಿನಲ್ಲಿ ಎಲ್ಲಿಯೂ ಇಲ್ಲ.

ಈ ಅಂಕಣದಲ್ಲಿ ಪದೇ ಪದೇ ಬರೆದದ್ದನ್ನು ಮತ್ತೊಮ್ಮೆ ಬರೆಯಬೇಕಾಗಿದೆ: ತಂದೆಯ ನಂಬಿಕೆ ಮಗಳಿಗೆ ಆಸ್ತಿಯಂತೆ ಹಕ್ಕಿನಿಂದ ಬರುವುದಿಲ್ಲ. ನಿಮ್ಮ ಹಿರಿಯರನ್ನು ಕ್ರಿಸ್ತನೆಡೆಗೆ ತಂದ ಬಾಸೆಲ್ ಮಿಶನ್ 1815ರಲ್ಲಿ ಹುಟ್ಟಿದ್ದು ಪಯಟಿಸ್ಟ್ ಪರಂಪರೆಯಲ್ಲಿ, ಅಂದರೆ ಒಬ್ಬೊಬ್ಬರ ಸ್ವಂತ ಭಕ್ತಿಗೆ ಒತ್ತುಕೊಡುವ ಪ್ರಾಟೆಸ್ಟಂಟ್ ಪರಂಪರೆಯಲ್ಲಿ. ಅವರು ಕೂಸುಗಳಿಗೆ ದೀಕ್ಷಾಸ್ನಾನ ಕೊಟ್ಟರು, ಜೊತೆಗೆ ಬೆಳೆದ ಪ್ರತಿಯೊಬ್ಬನೂ ಸ್ವತಃ ಮಾನಸಾಂತರಪಟ್ಟು ಹೊಸದಾಗಿ ಹುಟ್ಟಬೇಕೆಂದು ಪಟ್ಟುಹಿಡಿದರು. ನಿಮ್ಮ ಹತ್ತಿರದ ಕೆಡಗಾಂವದಲ್ಲಿ ಮುಕ್ತಿ ಮಿಶನ್ ಕಟ್ಟಿದ ಪಂಡಿತಾ ರಮಾಬಾಯಿಯವರು ನಮ್ಮ ಕರ್ನಾಟಕದ ಘಟ್ಟದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಅವರು, ತಮಗೆ ಆಗ ಕ್ರೈಸ್ತ ಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತನು ಸಿಕ್ಕಿರಲಿಲ್ಲ, ಅದಕ್ಕೆ ಇನ್ನೂ ಸುಮಾರು ಎಂಟು ವರ್ಷ ಹಿಡಿಯಿತು ಎಂಬರ್ಥದಲ್ಲಿ ತಮ್ಮ ಸಾಕ್ಷಿಯಲ್ಲಿ ಬರೆದಿದ್ದಾರೆ. ನಿಮ್ಮ ಮಗಳು ಹುಡುಕಿದ್ದು ಇದನ್ನೇ. ಅವಳು ದೃಢೀಕರಣದ ತರಗತಿಯಲ್ಲಿ "ನನಗೆ ರಕ್ಷಣೆಯ ನಿಶ್ಚಯ ಹೇಗೆ ಬರಬೇಕು" ಎಂದು ಕೇಳಿದಾಗ "ಮೊದಲು ಪಾಠ ಬಾಯಿಪಾಠ ಮಾಡು" ಎಂಬ ಉತ್ತರ ಬಂತೆಂದು ನೀವೇ ಬರೆದಿದ್ದೀರಿ. ಆ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಸಿಕ್ಕಿದ್ದರೆ ಅವಳು ಅದನ್ನು ಇಂಗ್ಲಿಷಿನಲ್ಲಿ ಹುಡುಕಿಕೊಂಡು ವಾಕಡ್‌ಗೆ ಹೋಗಬೇಕಾಗಿರಲಿಲ್ಲ.

ನಿಮ್ಮ ತಾಯಿಯವರ ಬಗ್ಗೆ ನೀವು ಹೆಚ್ಚೇನೂ ಬರೆದಿಲ್ಲ. ಆದರೂ ಮೊಮ್ಮಗಳ ದೀಕ್ಷಾಸ್ನಾನಕ್ಕೆ ನಿಮ್ಮ ಮನೆಯಿಂದ ಹೋದವರು ಅವರೊಬ್ಬರೇ ಎಂಬುದು ಪತ್ರದಲ್ಲಿದೆ. ಬೆಟಗೇರಿಯಲ್ಲಿ ಆ ಕೂಸನ್ನು ಎತ್ತಿಕೊಂಡು ನಿಂತವರೂ ಅವರೇ ಅಲ್ಲವೇ? ಮೊದಲನೆಯದನ್ನು ಅಲ್ಲಗಳೆಯದೆ ಎರಡನೆಯದಕ್ಕೂ ಸಾಕ್ಷಿಯಾಗಿ ನಿಲ್ಲಲು ಆ ಹಿರಿಯ ಜೀವಕ್ಕೆ ಸಾಧ್ಯವಾಯಿತು. ಸಮಿತಿಯ ಸಲಹೆ ಕೇಳುವ ಮುಂಚೆ ನೀವು ಅವರನ್ನು ಕೇಳಬಹುದಿತ್ತು.

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಅಣ್ಣನ ಎದುರು ಮಾತನಾಡಿ ಅಭ್ಯಾಸವಿಲ್ಲ, ಪರಊರಿನಲ್ಲಿ ಸಭೆಯೇ ನಿಮ್ಮ ಬಂಧುಬಳಗ, ಅಲ್ಲಿ ತಲೆ ತಗ್ಗಿಸಬೇಕಾಗಿ ಬಂದರೆ ಹೋಗಲು ಇನ್ನೊಂದು ಮನೆಯಿಲ್ಲ. ಆದರೂ ನಿರ್ಣಯಕ್ಕೆ ಮತ ಹಾಕುವಾಗ ನೀವು ಕೈಯೆತ್ತಲೂ ಇಲ್ಲ, ವಿರೋಧಿಸಲೂ ಇಲ್ಲ. ಆ ಮೌನವನ್ನು ನಿಮ್ಮ ಮಗಳು ಒಪ್ಪಿಗೆಯೆಂದೇ ತಿಳಿದಿರುತ್ತಾಳೆ.

ಆದ್ದರಿಂದ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಒಂದೇ. ಅವಳಿಂದ ಆ ಪತ್ರವನ್ನು ಬರೆಸಬೇಡಿ. ಮುಂದಿನ ಪ್ರಭುಭೋಜನದ ಭಾನುವಾರಕ್ಕೆ ಮುಂಚೆ, ಮಗಳನ್ನು ಕರೆದುಕೊಂಡು ಸಭಾಪಾಲಕರ ಮನೆಗೆ ಹೋಗಿ, ಅವಳ ನಂಬಿಕೆಯ ಸಾಕ್ಷಿಯನ್ನು ಅವಳ ಬಾಯಿಂದಲೇ ಅವರಿಗೆ ಕೇಳಿಸಿ, ಮೇಜಿನ ಬಳಿಗೆ ಅವಳನ್ನು ಮತ್ತೆ ಕರೆಯಬೇಕೆಂದು ಒಬ್ಬ ತಂದೆಯಾಗಿ ಕೇಳಿಕೊಳ್ಳಿ. ಅವರು ತೀರ್ಮಾನಿಸಲು ಹಿಂಜರಿದರೆ ವಿಷಯವನ್ನು ಬಿಷಪ್ಪರ ಬಳಿಗೆ ಒಯ್ಯುವಂತೆ ಬೇಡಿಕೊಳ್ಳಿ. ಅಣ್ಣನವರಿಗೆ ಇದನ್ನು ಮೊದಲೇ ತಿಳಿಸುವ ಅಗತ್ಯವಿಲ್ಲ, ಹೋಗಿ ಬಂದ ಮೇಲೆ ನೀವೇ ಅವರ ಮನೆಗೆ ಹೋಗಿ ಹೇಳಿ.